ಬೆಣ್ಣೆ, ಕತ್ತೆ ಮತ್ತು ಮೊದಲ ಬೇಡ

ಇಂಗ್ಲಿಷ್ ಬಂದರೆ ಸಾಕು, ಆಸ್ಟ್ರೇಲಿಯಾದಲ್ಲಿ ಬದುಕಬಹುದು ಎಂದು ಊರಲ್ಲಿ ಯಾರೋ ಹೇಳಿದ್ದರು. ಅವರು ಕೈಗೆ ಸಿಕ್ಕರೆ ಎರಡು ಮಾತು ಕೇಳಬೇಕೆಂದಿದ್ದೇನೆ. ಇಲ್ಲಿ ಯುರೋಪಿನ ಅಷ್ಟೂ ದೇಶದವರಿದ್ದಾರೆ. ಒಬ್ಬರ ಬಾಯಲ್ಲಿ ಒಂದು ಅರ್ಥ ಕೊಡುವ ಪದ ಪಕ್ಕದವರ ಬಾಯಲ್ಲಿ ಇನ್ನೊಂದಾಗುತ್ತದೆ. ನಡುವೆ ಸಿಕ್ಕಿಬೀಳುವವಳು ಮಾತ್ರ ಯಾವಾಗಲೂ ಉಡುಪಿಯ ನಾನೇ.

೧. ಸಿಡ್ನಿಯ ಬಾಣಲೆ

ಕೆಲ್ಲಿವಿಲ್‌ನಲ್ಲಿದ್ದಾಗ ಒಂದು ಕೆಫೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಅಡುಗೆಯವನು ಇಟಲಿಯವನು. ಪಾತ್ರೆ ತೊಳೆಯುವವನು ಚಿಲಿ ದೇಶದವನು, ಮನೆಮಾತು ಸ್ಪ್ಯಾನಿಷ್. ಒಂದು ಶನಿವಾರದ ಗದ್ದಲದಲ್ಲಿ ಅಡುಗೆಯವನು ಅವನತ್ತ ತಿರುಗಿ "ಬುರ್ರೋ! ಬುರ್ರೋ!" ಎಂದು ಕಿರುಚಿದ. ಇವನು ಕಿವಿಯೆಲ್ಲ ಕೆಂಪಾಗಿ, ದೊಡ್ಡ ಬಾಣಲೆ ಎತ್ತಿಕೊಂಡು ಬಂದ. ನಾನು ನಡುವೆ ನಿಂತು, ಬುರ್ರೋ ಅಂದರೇನು ಎಂದು ಇಬ್ಬರನ್ನೂ ಕೇಳಿದೆ. ಸ್ಪ್ಯಾನಿಷ್‌ನಲ್ಲಿ ಬುರ್ರೋ ಎಂದರೆ ಕತ್ತೆ, ಇಟಾಲಿಯನ್‌ನಲ್ಲಿ ಬೆಣ್ಣೆ!

ಬಾಣಲೆ ಕೆಳಗಿಳಿಯಿತು. "ಸರಿ, ಈಗ ಬೆಣ್ಣೆ ಎಲ್ಲಿ?" ಎಂದ ಅಡುಗೆಯವನು. ಅದು ಅವನ ಕಣ್ಣೆದುರೇ ಇತ್ತು.

"ಬುರ್ರೋ," ಎಂದ ಪಾತ್ರೆಯವನು. ಈ ಸಲ ಸ್ಪ್ಯಾನಿಷ್‌ನಲ್ಲಿ.

೨. ಮೆಲ್ಬೋರ್ನ್‌ನ ಚಪ್ಪಲಿ

ಪಾಯಿಂಟ್ ಕುಕ್‌ಗೆ ಬಂದು ಒಂದು ವೃದ್ಧಾಶ್ರಮ ಸೇರಿದೆ. ಆರು ತಿಂಗಳು ಪ್ರೊಬೇಷನ್. ಕೆಲಸ ಖಾಯಂ ಆದರೆ ಇಲ್ಲೇ ನೆಲೆಸುವ ಪಿಆರ್ ಅರ್ಜಿ ಮುಂದಕ್ಕೆ, ಇಲ್ಲದಿದ್ದರೆ ಗಂಟುಮೂಟೆ. ಅಲ್ಲಿನ ಅಜ್ಜ ಅಜ್ಜಿಯರಲ್ಲಿ ಹಲವರು ಇಂಗ್ಲಿಷ್ ಮರೆತು ತಾಯ್ನುಡಿಗೆ ಮರಳಿದವರು. ಕ್ರೊಯೇಷಿಯಾದ ಒಬ್ಬ ಅಜ್ಜಿಯ ಮಗಳು ಮೊದಲ ದಿನವೇ "ನಮ್ಮಲ್ಲಿ ನೆ ಅಂದ್ರೆ ಬೇಡ" ಎಂದು ಹೇಳಿಕೊಟ್ಟಿದ್ದರು.

ಪಕ್ಕದ ಕೋಣೆಯ ಗ್ರೀಕ್ ಅಜ್ಜನಿಗೆ ಚಹಾ ಬೇಕೇ ಎಂದು ಮೂರು ಸಲ ಕೇಳಿದೆ. ಮೂರು ಸಲವೂ "ನೆ" ಅಂದರು, ಮೂರನೆಯದು ಗದರಿ. ಇಷ್ಟು ಬೇಡವಾದರೆ ಬಿಡಲಿ ಎಂದು ಟ್ರೇ ಎತ್ತಿಕೊಂಡು ಹೊರಟೆ. ಬೆನ್ನಿಗೆ ಚಪ್ಪಲಿ ಬಂತು. ಗ್ರೀಕ್‌ನಲ್ಲಿ ನೆ ಅಂದರೆ ಹೌದಂತೆ!

ಮ್ಯಾನೇಜರ್ ಮೇಡಂ ಎಚ್ಚರಿಕೆ ಪತ್ರ ಕೊಟ್ಟು, "ಇನ್ನೊಂದು ದೂರು ಬಂದರೆ ಕೆಲಸ ಇರಲ್ಲ. ಅರ್ಥ ಆಯ್ತಾ?" ಎಂದರು. ಹೆದರಿಕೆಗೆ ನನ್ನ ಬಾಯಿಂದ ಬಂದದ್ದು, "ನೆ."

೩. ಕಸ್ಟರ್ಡ್ ವಿಚಾರಣೆ

ಇನ್ನೊಂದು ದೂರು ಬಂದೇ ಬಂತು. ಕ್ರೊಯೇಷಿಯಾ ಅಜ್ಜಿ ನೆ ಅಂದರೂ ನಾನು ಕಸ್ಟರ್ಡ್ ಬಡಿಸುವುದನ್ನು ನರ್ಸ್ ಒಬ್ಬರು ನೋಡಿದ್ದರು. ಮರುದಿನ ಮೇಡಂ ಕೋಣೆಯಲ್ಲಿ ಅಜ್ಜಿ, ಮಗಳು, ನಾನು.

"ಅವರು ಬೇಡ ಅಂದರೂ ದಿನಾ ಬಡಿಸ್ತಿದ್ದೀಯಂತೆ. ಗ್ರೀಕ್ ನೆ ಅಂದುಕೊಂಡೆಯಾ? ಹಾಗಿದ್ದರೆ ಹೇಳು, ಟ್ರೈನಿಂಗ್ ಕೊಟ್ಟು ವಿಷಯ ಮುಗಿಸ್ತೀವಿ," ಎಂದರು ಮೇಡಂ.

ಹೌದು ಅಂದುಬಿಟ್ಟರೆ ಬಚಾವು. ಆದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದರು, ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ಮೇಡಂ, ಬೇಡ ಅಂತ ಗೊತ್ತಿತ್ತು. ಆದ್ರೆ ನಮ್ಮ ಉಡುಪಿ ಕಡೆ ಮೊದಲನೇ ಬೇಡ ಲೆಕ್ಕಕ್ಕಿಲ್ಲ, ಅದು ಮರ್ಯಾದೆಗೆ ಹೇಳೋದು. ಎರಡನೇದು ಸಂಕೋಚ. ಮೂರನೇ ಸಲ ಕೈ ಅಡ್ಡ ಹಿಡಿದ್ರೆ ಮಾತ್ರ ನಿಲ್ಲಿಸ್ತೀವಿ. ಅಜ್ಜಿ ಒಂದ್ಸಲಾನೂ ಕೈ ಅಡ್ಡ ಹಿಡೀಲಿಲ್ಲ."

ಮಗಳು ಇದನ್ನೆಲ್ಲ ತಾಯಿಗೆ ಅವರ ಭಾಷೆಯಲ್ಲಿ ಹೇಳಿದರು. ಅಜ್ಜಿ ಮೇಜು ಗುದ್ದಿ ಏನೋ ಅಂದರು. ಮಗಳು ಬಾಯಿಗೆ ಕೈ ಇಟ್ಟುಕೊಂಡರು.

"ಕೇಳಿದ ತಕ್ಷಣ ಹೂಂ ಅನ್ನೋಕೆ ನಾನೇನು ಬರಗೆಟ್ಟವಳಾ ಅಂತಿದ್ದಾರೆ. ಎರಡು ವರ್ಷದಿಂದ ಎಲ್ಲರೂ ಒಂದೇ ಸಲ ಕೇಳಿ ಬಟ್ಟಲು ಎತ್ತಿಕೊಂಡು ಹೋಗ್ತಾರಂತೆ. ಎರಡನೇ ಸಲ ಕೇಳಿದವಳು ಇವಳೊಬ್ಬಳೇ ಅಂತೆ."

ಮೇಡಂ ನನ್ನನ್ನು ನೋಡಿ ಮೊದಲ ಬಾರಿಗೆ ನಕ್ಕರು. "ನಿನ್ನ ಕೆಲಸ ಇವತ್ತೇ ಖಾಯಂ ಮಾಡೋಣ ಅಂತಿದ್ದೀನಿ. ಬೇಕಾ?"

ಸಂತೋಷಕ್ಕೆ ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ನನಗಿಂತ ಮೊದಲೇ ಬಾಯಿ ಬಿಟ್ಟಿತು.

"ಅಯ್ಯೋ, ಬೇಡ ಮೇಡಂ, ಅದೆಲ್ಲ ಯಾಕೆ!"

"ಸರಿ, ನಿನ್ನಿಷ್ಟ," ಎಂದು ಮೇಡಂ ಫೈಲು ಮುಚ್ಚಿದರು.

"ಮೇಡಂ, ಇನ್ನೊಂದ್ಸಲ ಕೇಳಿ!" ಎಂದು ಈ ಬಾರಿ ಮೇಜು ಗುದ್ದಿದವಳು ನಾನು.