ಜುಂಜೇಶನ ತಳಿ ಪರೀಕ್ಷೆ

‘ಬೀಡಿ ತುಂಬಾ ಕಡಿಮೆ ಮಾಡೀನ್ರಿ’ ಎಂದು ಹೇಳಿ ಜುಂಜೇಶ್ ಪರೀಕ್ಷೆಯ ಕೊಳವೆಗೆ ಉಗುಳಲು ಬಗ್ಗಿದ್ದಕ್ಕೂ, ಜೇಬಿನಿಂದ ಇಡೀ ಬೀಡಿ ಕಟ್ಟು ಜಾರಿ ಡಾಕ್ಟರ ಬೂಟಿನ ಮೇಲೆ ಬಿದ್ದದ್ದಕ್ಕೂ ಸರಿಹೋಯಿತು. (ಹೇಳಿದ್ದು ಪೂರ್ತಿ ಸುಳ್ಳಲ್ಲ, ಕಟ್ಟಿನಲ್ಲಿ ಮೂರು ಕಡಿಮೆ ಇದ್ದವು.)

ಅವನನ್ನು ಹಿರಿಯೂರಿಗೆ ಎಳೆದು ತಂದವಳು ಮಗಳು ಕೀರ್ತನಾ, ನರ್ಸು. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹುಟ್ಟಿನಿಂದಲೇ ಹೆಚ್ಚಿದೆಯೇ ಎಂದು ಎಂಜಲಿನಲ್ಲಿರುವ ವಂಶವಾಹಿ ನೋಡಿ ಹೇಳುವ ಪರೀಕ್ಷೆಯಂತೆ. ಮನೆಯಲ್ಲಿ ಕರಾರಾಗಿತ್ತು: ಹೆಚ್ಚಿದ್ದರೆ ಜುಂಜೇಶ್ ಬೀಡಿ ಬಿಡಬೇಕು, ಇಲ್ಲದಿದ್ದರೆ ಹೆಂಡತಿ ಹೇಮಾವತಿ ಇನ್ನು ಬೀಡಿಯ ಮಾತೆತ್ತಬಾರದು.

ಅವನೂರು ಯಲ್ಲದಕೆರೆಯ ಸುತ್ತಮುತ್ತ ಜುಂಜೇಶನನ್ನು ಕೇಳದೆ ಯಾರೂ ಟಗರು ಕೊಳ್ಳುವುದಿಲ್ಲ. ಅಪ್ಪ ಯಾವುದು, ಅಜ್ಜ ಯಾವುದು ಎಂದು ವಿಚಾರಿಸಿ ತೀರ್ಪು ಕೊಡುವ ವಂಶಾವಳಿ ವಿಶಾರದ ಅವನು. ಹಾಗಾಗಿ ‘ವಿಶೇಷ ಅಪಾಯ ಕಂಡುಬಂದಿಲ್ಲ’ ಎಂಬ ವರದಿ ಮನೆಗೆ ಬಂದಾಗ ಅವನಿಗೇನೂ ಆಶ್ಚರ್ಯವಾಗಲಿಲ್ಲ. ಬೀಡಿ ಹಚ್ಚಿದ.

“ನೋಡೇ, ತಳಿ ಸರ್ಟಿಫಿಕೇಟು. ನಮ್ಮಪ್ಪ ಎಂಬತ್ತೆಂಟು ವರ್ಷ ಸೇದ್ದ.” (ತೊಟ್ಟಿಲಲ್ಲೇ ಶುರು ಮಾಡಿದ್ದನೋ ಏನೋ.)

“ಅಪ್ಪ, ಅದು ಹುಟ್ಟಿನಿಂದ ಬರಾದ್ನ ಮಾತ್ರ ಹೇಳ್ತೈತೆ,” ಎಂದಳು ಕೀರ್ತನಾ. “ಹೊಗೆಯಿಂದ ಬರಾದು ಬ್ಯಾರೆ.”

ಜುಂಜೇಶನಿಗೆ ಮೈಯೆಲ್ಲ ಉರಿದುಹೋಯಿತು. “ಅಷ್ಟು ದೊಡ್ಡ ಲ್ಯಾಬಿನೋರೇ ಬರ್ಕೊಟ್ಟವ್ರೆ. ಮಧ್ಯ ನಿಂದೇನವ್ವ ತಿದ್ದುಪಡಿ?”

ಹೇಮಾವತಿ ಕರಾರಿಗೆ ಬದ್ಧಳು. “ನಾನು ಬೀಡಿ ಮಾತೆತ್ತಲ್ಲ. ಕುರಿ ಮಾತು ಕೇಳ್ತೀನಿ. ನಮ್ಮ ಕರೇ ಟಗರು ಒಳ್ಳೇ ತಳೀದೇ ಅಲ್ವ?”

“ನಾಕು ತಲೆಮಾರು ನಾನೇ ಕಂಡೀನಿ.”

“ಮತ್ತೆ ಮೊನ್ನೆ ಕುರಿ ರೊಪ್ಪದಾಗೆ ನಮ್ಮಣ್ಣ ಹೊಗೆ ಬಿಟ್ಟಿದ್ದಕ್ಕೆ ಯಾಕೆ ಬೈದು ಹೊರಗೆ ಕಳಿಸಿದ್ರಿ?”

“ತಳಿ ಎಂಥದಾದ್ರೇನೇ, ದಿನಾ ಹೊಗೆ ಕುಡುದ್ರೆ ಎದೆ ಕೆಡಾದಿಲ್ವ? ಅಷ್ಟೂ ತಿಳೀದಾ ನಿನಗೆ?”

ಹೇಳಿ ಮುಗಿಸಿದ ಮೇಲೆಯೇ ಆ ಮಾತು ಅವನ ಕಿವಿಗೂ ಬಿದ್ದದ್ದು.

ಹೇಮಾವತಿ ಜಗಲಿಯ ಮೇಲಿದ್ದ ಅವನ ಮಂಚವನ್ನು ಮಗಳ ಕೈಲಿ ಒಂದು ತುದಿ ಹಿಡಿಸಿ ಕುರಿ ಕೂಡುವ ರೊಪ್ಪಕ್ಕೆ ಸಾಗಿಸಿದಳು. ಕಂಬಳಿ ಕೊಡವಿ ಹಾಸಿದಳು. “ಇನ್ನು ಇಲ್ಲೇ ಕುಂತ್ಕಳ್ರಿ, ಇಲ್ಲೇ ಮಲಿಕ್ಕಳ್ರಿ. ಇದ್ರೊಳಗೆ ಕಡ್ಡಿ ಗೀರಬಾರ್ದು ಅನ್ನಾದು ನಿಮ್ದೇ ಕಾನೂನು.”

ವಂಶಾವಳಿ ವಿಶಾರದರು ಬೀಡಿ ಆರಿಸಿ, ನಲವತ್ತು ಕುರಿಗಳ ಸಮಕ್ಷಮ ಮಂಚವೇರಿದರು. ಬೇಲಿಯಾಚೆಯಿಂದ ಕೀರ್ತನಾ ಕೇಳಿದಳು:

“ಅಪ್ಪ, ನಿಜ ಹೇಳು. ಅಪಾಯ ಹೆಚ್ಚೈತೆ ಅಂತ ಬಂದಿದ್ರೆ ಬೀಡಿ ಬಿಡ್ತಿದ್ದಾ?”

ಜುಂಜೇಶ್ ಮಡಿಲೇರಿದ್ದ ಮರಿಯನ್ನು ಪಕ್ಕಕ್ಕೆ ಸರಿಸಿದ.

“ಹುಟ್ಟಿನಾಗೇ ಬಂದೈತೆ ಅಂದಮ್ಯಾಲೆ, ಬಿಟ್ಟು ಏನವ್ವ ಉಪಯೋಗ?”