ಮೀನು ಮಾರ್ಕೆಟಿನ ಮಾಡಿಗೆ ಹಸಿರು ಬಣ್ಣ

ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಐವತ್ತು ನಿಮಿಷ. ಹಾಜರಿದ್ದವರು: ನಾನು, ಅಶ್ವಿನಿ ಮತ್ತು ಅವಳ ಕಂಪ್ಯೂಟರ್. ಯಂತ್ರಗಳ ಹಾಜರಿ ಹಾಕುವುದು ನನ್ನ ಪದ್ಧತಿಯಲ್ಲ. ಆದರೆ ಈಗ ಕಚೇರಿಯ ತೀರ್ಮಾನಗಳನ್ನೆಲ್ಲ ಅದೇ ಮಾಡುವುದರಿಂದ ಅದನ್ನು ಬಿಟ್ಟು ಬರೆದರೆ ದಾಖಲೆ ಸುಳ್ಳಾಗುತ್ತದೆ.

ನನಗೊಂದು ಚಟ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ತಪ್ಪುಗಳನ್ನು ಬರೆದಿಡುವವನು. ಮುಂಬಯಿಯ ಒಂದು ಡ್ರಾಯಿಂಗ್ ಆಫೀಸಿನಲ್ಲಿ ಕಬ್ಬಿಣದ ಕಟ್ಟಡಗಳ ಲೆಕ್ಕ ಹಾಕಿಯೇ ನನ್ನ ಉದ್ಯೋಗ ಮುಗಿಯಿತು. ಅಲ್ಲಿನ ನಮ್ಮ ಹಿರಿಯರೊಬ್ಬರು ತಪ್ಪು ಮಾಡಿದವರನ್ನು ಬೈಯುತ್ತಿರಲಿಲ್ಲ, ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ತಾರೀಕು, ಗಂಟೆ, ಹಾಜರಿದ್ದವರು, ಆದ ತಪ್ಪು, ತಪ್ಪಿದವರು, ಕಾರಣ. ಆರು ಅಂಕಣ, ಅಷ್ಟೆ. ಬೈಗುಳವನ್ನಾದರೆ ಸಂಜೆಯ ಲೋಕಲ್ ಟ್ರೈನಿನಲ್ಲಿ ಮರೆಯಬಹುದಿತ್ತು. ಆ ಪುಸ್ತಕ ಮಾತ್ರ ಮರುದಿನ ಬೆಳಿಗ್ಗೆಯೂ ಅದೇ ಮೇಜಿನ ಮೇಲೆ ಇರುತ್ತಿತ್ತು. ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನೂ ಅಂಥದೇ ಒಂದನ್ನು ಶುರು ಮಾಡಿದೆ. ಮೊದಲ ತಿಂಗಳು ಅದು ಮನೆಯಲ್ಲಿತ್ತು. 'ಸಾರಿಗೆ ಉಪ್ಪು ಕಡಿಮೆ, ಕಾರಣ: ಫೋನಿನಲ್ಲಿ ಮಾತು' ಎಂಬ ನಮೂದು ಹೆಂಡತಿಯ ಕಣ್ಣಿಗೆ ಬಿತ್ತು. "ಇದ್ ಮನಿಯಾ, ಕಾರ್ಖಾನಿಯಾ?" ಎಂದು ಕೇಳಿದಳು. ಅಂದಿನಿಂದ ಪುಸ್ತಕ ಅಶ್ವಿನಿಯ ಕಚೇರಿಯಲ್ಲಿದೆ.

ಅಶ್ವಿನಿ ನನ್ನ ಹೆಂಡತಿಯ ತಂಗಿಯ ಮಗಳು. ಸಿವಿಲ್ ಇಂಜಿನಿಯರಿಂಗ್ ಓದಿ, ಕುಂದಾಪುರ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಹಡಿಯ ಮೇಲೆ ಸ್ವಂತ ಕಚೇರಿ ತೆರೆದಿದ್ದಾಳೆ. ಅವಳು ಡಿಸೈನ್ ಮಾಡುವುದು, ನಾನು ಪರಿಶೀಲಿಸಿ ನಕ್ಷೆಯ ಮೂಲೆಯಲ್ಲಿ ಸಹಿ ಹಾಕುವುದು ಎಂದು ಏರ್ಪಾಡು. ಎಂಟು ಐವತ್ತಕ್ಕೆ ನಾನು ಬಂದು ಕೊಡೆಯನ್ನು ಅದರ ಮೊಳೆಗೆ ತೂಗುಹಾಕಿ, ಪೆನ್ಸಿಲ್ ಚೂಪು ಮಾಡಿ ಕೂರುತ್ತೇನೆ. ಅಶ್ವಿನಿ ಒಂಬತ್ತು ಹತ್ತಕ್ಕೆ ಬರುತ್ತಾಳೆ. ಅದೂ ಪುಸ್ತಕದಲ್ಲಿದೆ, ಹಲವು ಪುಟಗಳಲ್ಲಿದೆ. ಪುಸ್ತಕ ಇಲ್ಲಿಗೆ ಬಂದ ಮೇಲೆ 'ತಪ್ಪಿದವರು' ಎಂಬ ಅಂಕಣದಲ್ಲಿ ಅವಳ ಹೆಸರು ಬಿಟ್ಟು ಬೇರೆ ಹೆಸರು ಬಂದದ್ದಿಲ್ಲ. ಈ ಮಂಗಳವಾರ ಮಾತ್ರ ಅವಳು ನನಗಿಂತ ಮೊದಲೇ ಬಂದಿದ್ದಳು. ಕಾರಣ ಇತ್ತು.

ಹೆಮ್ಮಾಡಿ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ, ಹೆಸರು ಬೇಡ, ಸಣ್ಣದೊಂದು ಮೀನು ಮಾರ್ಕೆಟ್ಟಿದೆ. ಎರಡು ವರ್ಷದ ಹಿಂದೆ ಮಳೆಗಾಲದ ಮೊದಲ ಗಾಳಿಗೆ ಅದರ ಮಾಡು, ಎಂದರೆ ಚಾವಣಿ, ಹೋಯಿತು. ಅಂದಿನಿಂದ ಮೀನು ಮಾರುವ ಹೆಂಗಸರು ಟರ್ಪಾಲಿನಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದಾರೆ. ಮಳೆ ಬಂದರೆ ಟರ್ಪಾಲಿನ ನೀರು ಅರ್ಧ ಮೀನಿನ ಮೇಲೆ, ಅರ್ಧ ಅವರ ಬೆನ್ನಿನ ಮೇಲೆ. ಹೊಸ ಮಾಡಿನ ನಕ್ಷೆ ಆ ದಿನ ಮಧ್ಯಾಹ್ನ ಮೂರು ಗಂಟೆಯ ಪಂಚಾಯತ್ ಸಭೆಗೆ ಹೋಗಬೇಕಿತ್ತು. ಹೋಗದಿದ್ದರೆ ಮುಂದಿನ ಸಭೆ ಒಂದು ತಿಂಗಳ ನಂತರ. ಆಮೇಲೆ ಕೆಲಸ ಶುರುವಾಗುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಬಯಲಿನಲ್ಲಿ ವೆಲ್ಡಿಂಗ್ ನಡೆಯುವುದಿಲ್ಲ, ಹೆಂಗಸರಿಗೆ ಇನ್ನೊಂದು ಮಳೆಗಾಲ ಟರ್ಪಾಲೇ ಗತಿ. ಆ ಹೆಂಗಸರ ಮುಖಂಡಳು ಗಿರಿಜಕ್ಕ ಹಿಂದಿನ ದಿನ ಫೋನು ಮಾಡಿ, ನಕ್ಷೆ ಕೈಗೆ ಬರುವವರೆಗೆ ತಾನು ನಮ್ಮ ಕಚೇರಿಯ ಮೆಟ್ಟಿಲು ಬಿಟ್ಟು ಏಳುವುದಿಲ್ಲ ಎಂದು ತಿಳಿಸಿದ್ದಳು.

ಇನ್ನು ಆ ಸಾಫ್ಟ್‌ವೇರಿನ ವಿಷಯ. ನಮ್ಮ ಕಾಲದಲ್ಲಿ ಒಂದು ತೊಲೆ ಭಾರ ತಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಮೂರು ಹಾಳೆ ಕಾಗದ ಮತ್ತು ಅರ್ಧ ದಿನ ಬೇಕಿತ್ತು. ಅರ್ಧ ದಿನ ಅದರ ಜೊತೆ ಕೂತದ್ದರಿಂದ ಆ ತೊಲೆಯ ಸ್ವಭಾವ ನಮಗೆ ಗೊತ್ತಾಗುತ್ತಿತ್ತು. ಈಗ ಗುಂಡಿ ಒತ್ತಿದರೆ ಇಡೀ ಕಟ್ಟಡ ಬಣ್ಣ ಬಳಿದುಕೊಂಡು ಎದುರು ನಿಲ್ಲುತ್ತದೆ. ತಡೆಯುವ ತುಂಡುಗಳು ಹಸಿರು, ತಡೆಯದವು ಕೆಂಪು. ಹಸಿರು ಕಂಡ ಕೂಡಲೇ ಈಗಿನ ಇಂಜಿನಿಯರರು ಕುರ್ಚಿಯನ್ನು ಹಿಂದಕ್ಕೆ ಉರುಳಿಸಿ ಮೈ ಮುರಿಯುತ್ತಾರೆ. ಕುರ್ಚಿಗೆ ಚಕ್ರ ಇಟ್ಟವನೂ ಇವರ ಪೈಕಿಯವನೇ ಇರಬೇಕು. ಸಾಸ್ತಾನದ ಟೋಲಿನಲ್ಲೂ ಹಸಿರು ದೀಪ ಬರುತ್ತದೆ. ಅದರರ್ಥ ಗೇಟು ಎದ್ದಿತು ಎಂದು, ನಿಮ್ಮ ಕಾರಿನ ಬ್ರೇಕು ಸರಿಯಿದೆ ಎಂದಲ್ಲ. ಇದನ್ನು ನಾನು ಅಶ್ವಿನಿಗೆ ಎಷ್ಟು ಸಲ ಹೇಳಿದ್ದೇನೆಂದರೆ, "ಸಾ" ಎಂದರೆ ಸಾಕು, "ಸ್ತಾನದ ಟೋಲ್, ಗೊತ್ತಿತ್ತ್ ದೊಡ್ಡಪ್ಪ" ಎಂದು ಮುಗಿಸುತ್ತಾಳೆ.

ಗುಂಡಿ ಒತ್ತುವ ಮೊದಲು ಆ ಯಂತ್ರಕ್ಕೆ ಪರೀಕ್ಷೆ ಮಾಡುವುದು ಹೇಗೆಂದು ನಾವೇ ಹೇಳಿಕೊಡಬೇಕು. ಇದು ಯಾವ ಸೀಮೆಯ ಪರೀಕ್ಷಕ? ಪ್ರಶ್ನೆಪತ್ರಿಕೆ ನಾವು ಕೊಡಬೇಕು, ಉತ್ತರದ ಕೀಲಿ ನಾವು ಕೊಡಬೇಕು, ಅಂಕ ಹಾಕುವ ಗತ್ತು ಮಾತ್ರ ಅದರದ್ದು. ಹೇಳಿಕೊಡದಿದ್ದರೆ ತನಗೆ ತೋಚಿದ್ದನ್ನು ಹಿಡಿಯುತ್ತದೆ. ಅಶ್ವಿನಿ ಅದನ್ನು ತೆರೆದಾಗ ಅದು ಅಮೆರಿಕದ ನಿಯಮಗಳನ್ನು ಹಿಡಿದು ಕೂತಿತ್ತು. ನಮ್ಮ ದೇಶದ ನಿಯಮ ಆರಿಸಿದ್ದಾಯಿತು. ಮುಂದೆ ಭಾರಗಳ ಪಟ್ಟಿ ಬಂತು: ಶೀಟಿನ ಭಾರ, ಗಾಳಿಯ ಭಾರ, ಆಮೇಲೆ ಹಿಮದ ಭಾರ ಎಷ್ಟು ಎಂದು ಒಂದು ಚೌಕ. ಏಪ್ರಿಲ್ ತಿಂಗಳು, ಫ್ಯಾನಿನಡಿಯಲ್ಲೂ ಅಂಗಿ ಬೆನ್ನಿಗೆ ಅಂಟಿದೆ, ಇದಕ್ಕೆ ಹೆಮ್ಮಾಡಿಯ ಆಚೆ ಎಷ್ಟು ಹಿಮ ಬೀಳುತ್ತದೆ ಎಂಬ ಚಿಂತೆ.

"ಸೊನ್ನೆ ಹಾಕ್. ಇಂಥದ್ದರ ಕೈಯಲ್ಲಿ ನಾವು ಸರ್ಟಿಫಿಕೇಟ್ ತಕಣ್ಕಾ?" ಎಂದೆ.

"ಅದ್ ಕೇಂಬುದ್ ಅದ್ರ ಕೆಲ್ಸ ದೊಡ್ಡಪ್ಪ. ಸಿಟ್ಟ್ ಎಂತಕ್ಕೆ?" ಎಂದಳು.

ಮುಂದಿನದು ಮುಖ್ಯ. ಹಂಚಿನ ಮಾಡಿನಲ್ಲಿ ಪಕಾಸು, ರೀಪು ಎನ್ನುತ್ತೇವಲ್ಲ, ಇಲ್ಲಿಯೂ ಅದೇ, ಮರದ ಬದಲು ಕಬ್ಬಿಣ. ಪಕಾಸೆಂದರೆ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನಿಂತ ತಗಡು ಇರುವ ತೊಲೆ. ಅದರ ಮೇಲ್ಪಟ್ಟಿಗೆ ಅಡ್ಡಲಾಗಿ ನಾಲ್ಕು ನಾಲ್ಕು ಅಡಿಗೆ ರೀಪು ಕೂರುತ್ತದೆ. ಭಾರ ಬಿದ್ದಾಗ ಒತ್ತಡಕ್ಕೆ ಸಿಕ್ಕ ಪಟ್ಟಿ ಬದಿಗೆ ಹೊರಳಲು ನೋಡುತ್ತದೆ, ರೀಪು ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಯಂತ್ರ ಕೇಳುತ್ತದೆ: ಮೇಲ್ಪಟ್ಟಿಗೆ ಎಷ್ಟು ಅಡಿಗೊಂದು ಹಿಡಿತ? ಕೆಳಪಟ್ಟಿಗೆ ಎಷ್ಟು ಅಡಿಗೊಂದು? ಅಶ್ವಿನಿ ಮೇಲ್ಪಟ್ಟಿಗೆ ನಾಲ್ಕಡಿ ಕೊಟ್ಟಿದ್ದಳು. ಕೆಳಪಟ್ಟಿಗೆ ಮಾತ್ರ, ಮಾಡಿನ ನೆತ್ತಿಯಿಂದ ಬದಿಯ ಕಂಬದವರೆಗಿನ ಇಪ್ಪತ್ತಡಿ ಉದ್ದಕ್ಕೂ ಎಲ್ಲಿಯೂ ಹಿಡಿತವಿಲ್ಲ ಎಂದು ಕೊಟ್ಟಿದ್ದಳು. ಗುಂಡಿ ಒತ್ತಿದಳು. ಪಕಾಸುಗಳೆಲ್ಲ ಕೆಂಪು. ಸಂಜೆ ಸಮುದ್ರದಲ್ಲಿ ಮುಳುಗುವ ಸೂರ್ಯನೂ ಅಷ್ಟು ಕೆಂಪಾಗುವುದಿಲ್ಲ.

ನಾನು ನಕ್ಕೆ. ಬಹಳ ದಿನದ ಮೇಲೆ ಮನಸಾರೆ ನಕ್ಕೆ. "ನಾಲ್ಕಡಿಗೊಂದು ರೀಪ್ ಇತ್ತಲ್ಲೆ ಹೆಣೆ! ಅದೆಂತ ಕೋಳಿ ಕೂಕಣ್ಕ್ ಅಂದ್ ಇಟ್ಟದ್ದಾ? ಕೆಳಪಟ್ಟಿ ಎಳೆತಕ್ಕೆ ಸಿಕ್ಕಿರುತ್ತದೆ. ಎಳೆದು ಹಿಡಿದ ಹಗ್ಗ ಬದಿಗೆ ಹೊರಳಿದ್ದನ್ನ ಎಲ್ಲಾದ್ರೂ ಕಂಡಿದ್ಯಾ? ಅದಕ್ಕೂ ನಾಲ್ಕಡಿ ಹಾಕ್."

"ದೊಡ್ಡಪ್ಪ, ಒಂದ್ ನಿಮಿಷ. ಗಾಳಿ ಬಪ್ಪತಿಗೆ..."

"ಒಂದು ಹೊತ್ತಿಗೆ ಒಂದು ಕೆಲಸ. ಮೊದಲು ಹಾಕು, ಆಮೇಲೆ ಗಾಳಿ."

ಹಾಕಿದಳು. ಇಡೀ ಮಾಡು ಹಸಿರಾಯಿತು, ಆಗಸ್ಟಿನ ಗದ್ದೆಯ ಹಾಗೆ. ಹನ್ನೊಂದು ಗಂಟೆಗೆ ಸರಿಯಾಗಿ ನನ್ನ ಚಹಾ. ಕುಡಿಯುತ್ತಾ ಪುಸ್ತಕ ತೆರೆದು, ತಾರೀಕು, ಗಂಟೆ, ಹಾಜರಿದ್ದವರನ್ನು ಶಾಯಿಯಲ್ಲಿ ಬರೆದು, 'ಆದ ತಪ್ಪು' ಎಂಬಲ್ಲಿ 'ಕೆಳಪಟ್ಟಿಯ ಹಿಡಿತದ ಉದ್ದ' ಎಂದು ಬರೆದೆ. ತಪ್ಪಿದವರ ಹೆಸರು, ಕಾರಣ ಊಟದ ನಂತರ ಬರೆಯುವುದೆಂದು ಬಿಟ್ಟೆ. ಮುಂಬಯಿಯ ಹಿರಿಯರು ಹೇಳುತ್ತಿದ್ದರು, ಹೆಸರನ್ನು ಮಾತ್ರ ಸಿಟ್ಟು ಇಳಿದ ಮೇಲೆ ಬರೆಯಬೇಕೆಂದು. ನನಗೆ ಸಿಟ್ಟೇ ಇರಲಿಲ್ಲ, ಖುಷಿ ಇತ್ತು. ಆದರೂ ನಿಯಮ ನಿಯಮವೇ. ಅಶ್ವಿನಿ ಪರದೆಯ ಹಿಂದೆ ಏನೋ ಟಕಟಕ ಮಾಡುತ್ತಿದ್ದಳು. ಫೋನಿನಲ್ಲಿ ಕಾಲ ಕಳೆಯುತ್ತಿದ್ದಾಳೆಂದು ತಿಳಿದೆ.

ಹನ್ನೆರಡು ಹತ್ತಕ್ಕೆ ಗಿರಿಜಕ್ಕ ಬಂದಳು. ಬೆಳಗಿನ ವ್ಯಾಪಾರ ಮುಗಿಸಿ, ಖಾಲಿ ಹೆಡಗೆಯನ್ನು ಮೆಟ್ಟಿಲ ಬುಡದಲ್ಲಿ ಕವುಚಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನೇರ ಪರದೆಯ ಮುಂದೆ ನಿಂತಳು.

"ಹ್ವಾಯ್ ಇಂಜಿನಿಯರೇ, ನಡೂಕೆ ಕಂಬ ಹಾಕ್ಲಿಲ್ಲ ಅಲ್ದಾ? ಕಂಬ ಹಾಕ್ರೆ ಅದ್ರ ಬುಡಕ್ಕೆ ಯಾರ್ ಕೂಕಣ್ಕ್ ಅಂದ್ ದಿನಾ ಗಲಾಟಿ."

"ಇಲ್ಲ ಗಿರಿಜಕ್ಕ. ಬದಿಯಿಂದ ಬದಿಗೆ ನಲವತ್ತಡಿ ಒಂದೇ ಹಾರು, ಕಂಬ ಬದಿಗೆ ಮಾತ್ರ. ಹಸಿರು ಕಾಣುತ್ತದಲ್ಲ, ಅದರರ್ಥ ಮಾಡು ಬೀಳುವುದಿಲ್ಲ" ಎಂದೆ. ಸಾಸ್ತಾನದ ಟೋಲಿನ ಮಾತೆತ್ತಿ ಹಸಿರನ್ನು ಬೈಯುವವನು ನಾನೇ ಎಂಬುದು ಆಗ ನೆನಪಿಗೆ ಬರಲಿಲ್ಲ.

"ಬೀಳುದಾ?" ಗಿರಿಜಕ್ಕ ನನ್ನನ್ನು ಕೊಳೆತ ಬಂಗುಡೆ ಮಾರಲು ಬಂದವನನ್ನು ನೋಡಿದ ಹಾಗೆ ನೋಡಿದಳು. "ಹಳೆ ಮಾಡ್ ಬಿದ್ದದ್ ಅಂದ್ ನಿಮ್ಗ್ ಯಾರ್ ಹೇಳ್ದ್? ಬೀಳ್ಳಿಲ್ಲ ಮರಾಯ್ರೆ, ಹಾರಿ ಹೋಯ್ತ್! ನಾನ್ ಅಲ್ಲೇ ಹೆಡಗಿ ಮುಂದೆ ಕೂತ್ಕಂಡಿದ್ದೆ. ಗಾಳಿ ಸಮುದ್ರದ್ ಬದಿಂದ ಬಂತ್. ತಡುಕೆ ಗ್ವಾಡಿ ಎಲ್ಲಿತ್ತ್? ಸೀದಾ ಮಾಡಿನ ಅಡಿಗ್ ಹೊಕ್ಕಂಡ್ ಮೇಲಕ್ಕ್ ಎತ್ತುಕೆ ಶುರು ಮಾಡ್ತ್. ಮೊದ್ಲ್ ಎಂತ ಆಯ್ತ್ ಗೊತ್ತಿತ್ತಾ? ಮೇಲಿನ್ ಪಟ್ಟಿ ಇದ್ದಲ್ಲೇ ಇತ್ತ್. ಕೆಳಗಿನ್ ಪಟ್ಟಿ ಇತ್ತಲೆ, ಅದ್ ಹಾವ್ ಹರ್ದಂಗೆ ಬದಿಗ್ ಹೊರಳ್ತ್. ನಾನ್ ಹೆಡಗಿ ಬಿಟ್ಟ್ ಓಡ್ದೆ. ಕಡೆಗ್ ಕಂಡ್ರೆ ಮಾಡ್ ತೆಂಗಿನ್ ತೋಟದಗೆ ಅಂಗಾತ ಮಲ್ಕಂಡಿತ್. ನನ್ ಮೀನೂ ಅದ್ರ ಸಂಗ್ತಿ."

ಹನ್ನೊಂದು ಗಂಟೆಯ ಚಹಾ ಲೋಟ ಖಾಲಿಯಾಗಿ ಮೇಜಿನ ಮೇಲಿತ್ತು. ಆದರೂ ಎತ್ತಿ ಬಾಯಿಗೆ ತಂದೆ.

ಮುಂಬಯಿಯಲ್ಲಿ ನಾನು ಲೆಕ್ಕ ಹಾಕಿದ್ದೆಲ್ಲ ನಾಲ್ಕೂ ಸುತ್ತ ಗೋಡೆ ಇದ್ದ, ಭಾರದ ಮಾಡಿನ ಕಾರ್ಖಾನೆಗಳು. ಅಲ್ಲಿ ಭಾರವೆಂದರೆ ಮೇಲಿನಿಂದ ಕೆಳಕ್ಕೆ. ಗೋಡೆಯಿಲ್ಲದ ಹಗುರ ತಗಡಿನ ಮಾಡನ್ನು ಗಾಳಿ ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಆಗ ಎಲ್ಲವೂ ತಿರುಗಾಮುರುಗಾ. ಮೇಲ್ಪಟ್ಟಿ ಎಳೆತಕ್ಕೆ, ಕೆಳಪಟ್ಟಿ ಒತ್ತಡಕ್ಕೆ. ಹೊರಳಲು ನೋಡುವುದು ಕೆಳಪಟ್ಟಿ, ನನ್ನ ಕೋಳಿ ಕೂರುವ ರೀಪುಗಳೆಲ್ಲ ಹಿಡಿದದ್ದು ಮೇಲ್ಪಟ್ಟಿಯನ್ನು. ಅಶ್ವಿನಿ ಕೊಟ್ಟದ್ದು ಸರಿ. ಯಂತ್ರದ ಕೆಂಪೂ ಸರಿ. ನಾನು ನಗುತ್ತಾ ಹಸಿರು ಮಾಡಿಸಿದ ಮಾಡು ಗಿರಿಜಕ್ಕನ ತಲೆಯ ಮೇಲಿಂದ ಎರಡನೇ ಸಲ ಹಾರಲು ಸಿದ್ಧವಾಗಿತ್ತು, ನನ್ನ ಸಹಿಯ ಸಮೇತ.

"ಅಶ್ವಿನಿ," ಎಂದೆ. ಸ್ವರ ಸ್ವಲ್ಪ ಸಣ್ಣಗೆ ಬಂತು. "ಕೆಳಪಟ್ಟಿ ಮೊದಲಿನ ಹಾಗೇ ಮಾಡು. ಕೆಂಪು ಬರಲಿ. ರೀಪಿನಿಂದ ಕೆಳಪಟ್ಟಿಗೆ ಓರೆಯಾಗಿ ಒಂದೊಂದು ಸಣ್ಣ ಕಬ್ಬಿಣದ ಆಂಗಲ್ ತುಂಡು ಕೊಟ್ಟರೆ ಹಿಡಿತ ಸಿಗುತ್ತದೆ. ಮೂರು ಗಂಟೆಯೊಳಗೆ ಆಗುತ್ತದಾ?"

ಅವಳು ಇನ್ನೊಂದು ಕಡತ ತೆರೆದಳು. ಓರೆ ಆಂಗಲ್‌ಗಳೆಲ್ಲ ಅದರಲ್ಲಿ ಆಗಲೇ ಕೂತಿದ್ದವು. ಕೆಳಪಟ್ಟಿಗೆ ಎಂಟಡಿಗೊಂದು ಹಿಡಿತ, ಗಾಳಿ ಮೇಲಕ್ಕೆತ್ತುವ ಲೆಕ್ಕಕ್ಕೂ ಹಸಿರು. ನಾನು ಚಹಾ ಕುಡಿಯುವಾಗಿನ ಟಕಟಕ ಇದು. ಪರದೆಯ ಮೂಲೆಯಲ್ಲಿ ಎರಡು ಕಡತಗಳ ಹೆಸರು ಕಾಣುತ್ತಿತ್ತು. ಒಂದು 'ದೊಡ್ಡಪ್ಪ ಹೇಳಿದ್ದು'. ಇನ್ನೊಂದು 'ಕಳಿಸುವುದು'.

"ಮೊದಲೇ ಹೇಳುದಲ್ದಾ?"

"ಊಟ ಆದ್ಮೇಲೆ ಹೇಳುವ ಅಂದ್ ಇದ್ದೆ. ಮೊದ್ಲೇ ಹೇಳ್ರೆ ನೀವ್ ಉಂಬುದಿಲ್ಲ. ಕಡೆಗ್ ದೊಡ್ಡಮ್ಮ ನಂಗ್ ಬೈತ್ರ್."

ಗಿರಿಜಕ್ಕನಿಗೆ ಅರ್ಥವಾದದ್ದು ಇಷ್ಟೇ. "ಹಂಗಾರೆ ಈ ಹೆಣ್ಣ್ ಮಾಡದ್ ಗಟ್ಟಿ, ನೀವ್ ಮಾಡದ್ ಹಾರತ್ತ್. ಗಟ್ಟಿದ್ ಕೊಡಿ."

ಆ ಲೆಕ್ಕವನ್ನು ನಾನು ಕೈಯಲ್ಲಿ ಮತ್ತೊಮ್ಮೆ ಮಾಡಿ ನೋಡಿದೆ, ಮೂರು ಹಾಳೆ ಹಿಡಿಯಿತು. ಸರಿ ಇತ್ತು. ಒಂದು ಐವತ್ತಕ್ಕೆ ಸಹಿ ಹಾಕಿದೆ. ಎರಡು ಗಂಟೆಗೆ ಗಿರಿಜಕ್ಕ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಹೆಡಗೆಯನ್ನು ತಲೆಗೆ ಕವುಚಿ ಬಸ್ಸಿಗೆ ಓಡಿದಳು. ಆ ದಿನ ಊಟ ತಡವಾಯಿತು. ಅದನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ನಾಲ್ಕು ಗಂಟೆಗೆ ಅವಳ ಫೋನು ಬಂತು. "ಪಾಸ್ ಆಯ್ತ್ ಕಾಣಿ! ಮಳಿಗಿಂತ ಮುಂಚೆ ಮಾಡ್ ಆತ್ತ್ ಅಂಬ್ರ್" ಎಂದಳು. ಹಿಂದಿನಿಂದ ಬೇರೆ ಹೆಂಗಸರ ಗದ್ದಲವೂ ಕೇಳಿಸುತ್ತಿತ್ತು.

ನಾಲ್ಕು ಐವತ್ತಕ್ಕೆ, ಮನೆಗೆ ಹೊರಡುವ ಹತ್ತು ನಿಮಿಷ ಮೊದಲು, ಪುಸ್ತಕ ತೆರೆದೆ. 'ಆದ ತಪ್ಪು: ಕೆಳಪಟ್ಟಿಯ ಹಿಡಿತದ ಉದ್ದ' ಎಂಬಲ್ಲಿ ಅಕ್ಷರ ತಿದ್ದುವ ಅಗತ್ಯ ಬೀಳಲಿಲ್ಲ, ತಪ್ಪು ಅದೇ. ಮುಂದಿನ ಅಂಕಣ ಖಾಲಿ ಇತ್ತು. ನನ್ನ ಕೈ ತಾನಾಗಿ ಪೆನ್ಸಿಲಿನ ಕಡೆ ಹೋಯಿತು. ಈ ಪುಸ್ತಕದಲ್ಲಿ ಇಂದಿನವರೆಗೆ ಪೆನ್ಸಿಲಿನಲ್ಲಿ ಬರೆದದ್ದು ಒಂದಕ್ಷರವೂ ಇಲ್ಲ. ಅಶ್ವಿನಿ ಚಕ್ರದ ಕುರ್ಚಿಯಲ್ಲಿ ಸದ್ದಿಲ್ಲದೆ ಉರುಳಿ ಬಂದು, ಮುಚ್ಚಳ ತೆಗೆದ ಪೆನ್ನನ್ನು ನನ್ನ ಮುಂದಿಟ್ಟು, ಹಾಗೆಯೇ ಉರುಳಿ ಹಿಂದೆ ಹೋದಳು.

ನನ್ನ ಹೆಸರು ಬರೆದೆ, ಇನಿಷಿಯಲ್ ಸಮೇತ. ಉಳಿದದ್ದು ಕಾರಣ. ಅವಳ ಹೆಸರಿನ ಮುಂದೆ ನಾನು ಈವರೆಗೆ ಬರೆದ ಕಾರಣಗಳನ್ನು ತಿರುವಿ ನೋಡಿದೆ: ಅವಸರ, ಅಸಡ್ಡೆ, ಫೋನು, ನಿದ್ದೆ. ಒಂದೂ ನನಗೆ ಹೊಂದಲಿಲ್ಲ. ಅವಸರ ನನಗಿರಲಿಲ್ಲ, ನಿದ್ದೆಯಂತೂ ಬಂದಿರಲಿಲ್ಲ. ಐದಕ್ಕೆ ಎರಡು ನಿಮಿಷ ಇರುವಾಗ, ಆ ಅಂಕಣದಲ್ಲಿ 'ಅನುಭವ' ಎಂದು ಬರೆದು, ಶಾಯಿ ಆರುವವರೆಗೆ ಕಾದು, ಪುಸ್ತಕ ಮುಚ್ಚಿದೆ.