ನಾಲ್ಕೂ ಹತ್ತಕ್ಕೆ ಬಿಟ್ಟು ನಾಲ್ಕೂ ಹತ್ತಕ್ಕೆ ಇಳಿದೆ

ನನ್ನ ಬಾಯಿಂದ ಸುಳ್ಳು ಹೊರಟರೆ ಹೊನ್ನವಳ್ಳಿಯಿಂದ ಹಾಲ್ಕುರಿಕೆವರೆಗೂ ಜನ ತಲೆದೂಗುತ್ತಾರೆ. ನಿಜ ಹೊರಟರೆ ಮಾತ್ರ ಯಾವನಾದರೂ ಅಡ್ಡ ನಿಲ್ಲುತ್ತಾನೆ. ಪ್ರತಿ ಸಲವೂ ಇದೇ ಕತೆ. ಈ ಸಲವಂತೂ ಮೀಸೆಯನ್ನೇ ಪಣಕ್ಕಿಟ್ಟುಬಿಟ್ಟಿದ್ದೆ.

ಟವೆಲ್ಲು

ತೆಂಗಿನ ನಾರಿನ ಪುಡಿಗೆ ಗಿರಾಕಿ ಹುಡುಕಲು ನಮ್ಮ ಬೆಳೆಗಾರರ ಸಂಘ ನನ್ನನ್ನೂ ಕಾರ್ಯದರ್ಶಿಯನ್ನೂ ಸ್ವೀಡನ್ನಿಗೆ, ಅಲ್ಲಿಂದ ಫಿನ್‌ಲ್ಯಾಂಡಿಗೆ ಕಳಿಸಿತು. ತಾಲ್ಲೂಕಿನಲ್ಲಿ ನನ್ನಷ್ಟು ಮಾತಾಡುವವರು ಇನ್ಯಾರಿದ್ದಾರೆ? ಇಂಗ್ಲಿಷು ಕಾರ್ಯದರ್ಶಿಗೆ ಬರುತ್ತಿತ್ತು, ಅದು ಬೇರೆ ವಿಷಯ.

ಸ್ಟಾಕ್‌ಹೋಮಿನಲ್ಲಿ ವಿಮಾನ ಹತ್ತಿದವನೇ ಓಡಿಹೋಗಿ ಕಿಟಕಿ ಸೀಟಿಗೆ ಟವೆಲ್ ಹಾಕಿದೆ. ಆ ಸೀಟಿನ ಬಿಳಿ ಯಜಮಾನ ಬಂದ. ಟವೆಲ್ಲನ್ನು ವಿಮಾನದವರೇ ಇಟ್ಟಿದ್ದಾರೆಂದುಕೊಂಡು ಮುಖ ಒರೆಸಿ, ಮಡಿಸಿ, ಗಗನಸಖಿಯ ಕೈಗಿತ್ತು "ಥ್ಯಾಂಕ್ಯೂ" ಅಂದ. ಸೀಟೂ ಹೋಯ್ತು, ಟವೆಲ್ಲೂ ಹೋಯ್ತು.

ಕಳೆದುಹೋದ ಒಂದು ಗಂಟೆ

ಹೆಲ್ಸಿಂಕಿಗೆ ನಾನೂರು ಕಿಲೋಮೀಟರ್, ಒಂದು ಗಂಟೆ ದಾರಿ ಅಂದರು. ತಿಪಟೂರಿಂದ ಹುಬ್ಬಳ್ಳಿ ದಾಟಿದಷ್ಟು ದೂರ! ಇಳಿದು ನೋಡಿದರೆ ಗೋಡೆ ಗಡಿಯಾರದ ಪ್ರಕಾರ ನಾವು ಹೊರಟು ಎರಡು ಗಂಟೆ ಕಳೆದಿದೆ.

"ಒಂದು ಗಂಟೆ ಯಾರು ಹೊಡ್ಕೊಂಡ್ರು ಸಾರ್?" ಅಂದೆ.

"ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಕಣ್ರೀ. ವಾಪಸ್ ಹೋಗುವಾಗ ಸಿಗುತ್ತೆ," ಅಂದರು ಕಾರ್ಯದರ್ಶಿ.

ಸಿಕ್ಕೇಬಿಟ್ಟಿತು! ಹೆಲ್ಸಿಂಕಿ ಬಿಟ್ಟಿದ್ದು ನಾಲ್ಕೂ ಹತ್ತಕ್ಕೆ. ಸ್ಟಾಕ್‌ಹೋಮಿನಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲೂ ನಾಲ್ಕೂ ಹತ್ತೇ. ಟವೆಲ್ ಮಾತ್ರ ಸಿಗಲಿಲ್ಲ.

ಮೀಸೆ

ಊರಿನ ಹೋಟೆಲಿನಲ್ಲಿ ಇದನ್ನು ಹೇಳಿದೆ. ನನ್ನ ವಾರಿಗೆಯ ರಿಟೈರ್ಡ್ ಬಸ್ ಕಂಡಕ್ಟರ್ ಟೀ ಲೋಟ ಕುಕ್ಕಿದ. "ಸುಳ್ಳು ಕಣ್ಲಾ!"

"ನಿಜ ಅಂತ ಒಪ್ಪಿಸ್ದೆ ಇದ್ರೆ ಮೀಸೆ ಬೋಳಿಸ್ತೀನಿ ಕಣ್ಲಾ!"

"ಒಪ್ಪಿಸು ನೋಡಾಣ."

"ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಇರ್ತದೆ."

"ಹಿಂದೆ ಇದ್ರೆ ರಿಪೇರಿ ಮಾಡಿಸ್ಬೇಕು."

"ಕಾರ್ಯದರ್ಶಿನ ಕೇಳು."

"ನಿನ್ ಜೊತೆ ಹೋದೋರು, ನಿನ್ ಹಂಗೇ ಹೇಳ್ತಾರೆ ಬುಡು."

ಸೋಲುವ ಜಾತಕವೇ ನನ್ನದಲ್ಲ. ಮನೆಗೆ ಓಡಿ ವಿಮಾನದ ಟಿಕೆಟ್ಟೇ ತಂದೆ. ಹೊರಡುವುದು ನಾಲ್ಕೂ ಹತ್ತು, ತಲುಪುವುದು ನಾಲ್ಕೂ ಹತ್ತು, ಅಚ್ಚಾಗಿದೆ. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

"ಮೂವತ್ತು ವರ್ಷ ಟಿಕೆಟ್ ಹರಿದಿದೀನಿ. ಬಿಟ್ಟ ಟೈಮೂ ತಲುಪಿದ ಟೈಮೂ ಒಂದೇ ಇದ್ರೆ ಟ್ರಿಪ್ಪು ಕ್ಯಾನ್ಸಲ್ ಅಂತ ಅರ್ಥ. ನಿನ್ ವಿಮಾನ ಹೊರಟೇ ಇಲ್ಲ!"

ಹೋಟೆಲ್ಲೆಲ್ಲ ಹೋ ಅಂದಿತು. ಎದುರಿನ ಕಟಿಂಗ್ ಶಾಪಿನವನು ಕತ್ತಿ ಮಸೆಯತೊಡಗಿದ. ನಾನು ಮೀಸೆ ಹಿಡಿದುಕೊಂಡೆ. ನಿಜದಿಂದ ಇದು ಉಳಿಯುವುದಿಲ್ಲ ಅಂತ ಗೊತ್ತಾಯಿತು.

"ಇರ್ಲಿ ಕಣಪ್ಪ, ಗುಟ್ಟು ಹೇಳ್ತೀನಿ. ವಿಮಾನಕ್ಕೆ ಕಂಡಕ್ಟರೇ ಇರ್ಲಿಲ್ಲ. ಡ್ರೈವರ್ ಸುಮ್ಮನೆ ಕೂತಿದ್ದ. ನಾನೇ ಬಾಗಿಲು ಬಡಿದು 'ರೈಟ್, ರೈಟ್!' ಅಂದೆ. ನಿಮಿಷದ ಮುಳ್ಳು ಅಲ್ಲಾಡೋದ್ರೊಳಗೆ ಇಳಿಸಿಬುಟ್ಟ!"

ಅವನು ನನ್ನ ಬೆನ್ನು ತಟ್ಟಿದ. "ಹಂಗೆ ನಿಜ ಹೇಳು ಮತ್ತೆ! ಕಂಡಕ್ಟರ್ ಸರಿ ಇದ್ರೆ ಯಾವ್ ಗಾಡಿ ಲೇಟಾಗ್ತದೆ?"